ಸ್ಕಿಜೋಫ್ರೇನಿಯಾಕ್ಕೆ ರಕ್ತಪರೀಕ್ಷೆ ಏಕಿಲ್ಲ?

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮಗನನ್ನೋ ಮಗಳನ್ನೋ ಮೊದಲ ಸಲ ಮನೋವೈದ್ಯರಲ್ಲಿಗೆ ಕರೆತಂದ ತಂದೆತಾಯಿಯರು, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮನೋರೋಗವಾದ ಸ್ಕಿಜೋಫ್ರೇನಿಯಾದ ಹೆಸರು ಕಿವಿಗೆ ಬಿದ್ದೊಡನೆ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಾಕ್ಟರೇ, ರಕ್ತ ಪರೀಕ್ಷೆ ಮಾಡದೆ ಅದು ಹೇಗೆ ಹೇಳುತ್ತೀರಿ?" ತುಂಬ ನ್ಯಾಯವಾದ ಪ್ರಶ್ನೆಯಿದು. ನಮ್ಮ ಕೊಡಗಿನ ಬುಡಕಟ್ಟು ಜನರ ಹಾಡಿಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯನ್ನು ರಕ್ತದಿಂದಲೇ ಪತ್ತೆಹಚ್ಚುತ್ತಾರೆ. ಒಂದೇ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾಗಿ ಬರುವ ಕಾಯಿಲೆಯದು, ಆದ್ದರಿಂದ ಪರೀಕ್ಷೆಯ ಉತ್ತರವೂ ಖಚಿತ. ಸ್ಕಿಜೋಫ್ರೇನಿಯಾದಲ್ಲಿ ಹಾಗಿಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಈ ಕಾಯಿಲೆಯೊಡನೆ ನಂಟಿರುವ 287 ತಾಣಗಳನ್ನು ನಮ್ಮ ವರ್ಣತಂತುಗಳಲ್ಲಿ ಗುರುತಿಸಿತು. ಅವುಗಳಲ್ಲಿ ಒಂದೊಂದರ ಪ್ರಭಾವವೂ ಬಹಳ ಸಣ್ಣದು. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದರೂ ಇನ್ನೊಬ್ಬರಿಗೆ ಬರದೇ ಇರುವುದು ಉಂಟು.

ಹಾಗಾದರೆ ವಂಶವಾಹಿ ಯಾವುದಿದೆ ಎಂಬುದಕ್ಕಿಂತ, ಇರುವ ವಂಶವಾಹಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಿದರೆ ಹೇಗೆ? ತೋಟವಿರುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕಾಫಿ ಗಿಡದ ಗಂಟುಗಳಲ್ಲಿ ಮೊಗ್ಗು ಕಾದು ಕುಳಿತಿರುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಗಿಡ ಮೊದಲಿನದೇ, ತಳಿಯೂ ಅದೇ. ದೇಹದ ಜೀವಕೋಶಗಳಲ್ಲಿಯೂ ವಂಶವಾಹಿಗಳ ಗಂಟು ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಯಾವುದು ಯಾವಾಗ ತೆರೆದುಕೊಳ್ಳುತ್ತದೆ ಎಂಬುದು ಬೇರೆ ಬೇರೆ. ತೆರೆದುಕೊಂಡ ವಂಶವಾಹಿ ಆರ್‌ಎನ್‌ಎ ಎಂಬ ಪ್ರತಿಗಳನ್ನು ಹೊರಡಿಸುತ್ತದೆ, ಆ ಪ್ರತಿಗಳನ್ನು ಎಣಿಸಬಹುದು. ಇದನ್ನೇ ವಂಶವಾಹಿಯ ಅಭಿವ್ಯಕ್ತಿಯ ಅಳತೆ ಎನ್ನುತ್ತಾರೆ.

ಕಾಯಿಲೆ ಇರುವುದು ಮೆದುಳಿನಲ್ಲಿ, ಆದರೆ ಬದುಕಿರುವವರ ಮೆದುಳಿನ ತುಣುಕನ್ನು ಇದಕ್ಕಾಗಿ ತೆಗೆಯುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆಯಾದರೂ, ಅಲ್ಲಿ ದೊರೆಯುವುದು ತೀರಿಕೊಂಡವರ ಕುಟುಂಬಗಳು ದೊಡ್ಡ ಮನಸ್ಸಿನಿಂದ ದಾನ ಮಾಡಿದ ಮೆದುಳು. ಆದ್ದರಿಂದಲೇ ಸಂಶೋಧಕರು ರಕ್ತದತ್ತ ತಿರುಗಿದರು. 2005ರಲ್ಲಿ ವಿಜ್ಞಾನಿಗಳ ತಂಡವೊಂದು ರೋಗಿಗಳ ರಕ್ತವನ್ನೂ, ಮೃತ ರೋಗಿಗಳ ಮೆದುಳಿನ ಮುಂಭಾಗವನ್ನೂ ಹೋಲಿಸಿ, ಸೆಲೆನಿಯಂ ಧಾತುವನ್ನು ಹಿಡಿದಿಡುವ ಪ್ರೋಟೀನೊಂದರ ವಂಶವಾಹಿಯು ಎರಡರಲ್ಲಿಯೂ ಹೆಚ್ಚು ತೆರೆದುಕೊಂಡಿದೆ ಎಂದು ವರದಿ ಮಾಡಿತು. ಆ ವರದಿ ಹುಟ್ಟಿಸಿದ ಆಸೆ ಸಣ್ಣದಲ್ಲ. ಆದರೂ ಆ ಅಳತೆಯಾಗಲಿ, ಅನಂತರ ಬಂದ ವಂಶವಾಹಿಗಳ ಪಟ್ಟಿಗಳಾಗಲಿ ಆಸ್ಪತ್ರೆಯಲ್ಲಿ ರೋಗನಿರ್ಣಯಕ್ಕೆ ಬಳಸುವ ಪರೀಕ್ಷೆಯಾಗಿ ಇನ್ನೂ ಬಂದಿಲ್ಲ.

ತೊಡಕು ಎಲ್ಲಿದೆಯೆಂದರೆ, ರಕ್ತವು ಹೇಳುವುದು ಕಾಯಿಲೆಯ ಸುದ್ದಿಯನ್ನು ಮಾತ್ರವಲ್ಲ. ರೋಗಿ ನುಂಗುತ್ತಿರುವ ಮಾತ್ರೆ, ಸೇದುವ ಬೀಡಿ, ಹಿಂದಿನ ವಾರ ಬಂದು ಹೋದ ಜ್ವರ, ರಕ್ತ ತೆಗೆದ ಹೊತ್ತು, ಬಿಳಿಕಣಗಳ ಪ್ರಮಾಣ, ಇವೆಲ್ಲವೂ ಆರ್‌ಎನ್‌ಎ ಎಣಿಕೆಯನ್ನು ಏರುಪೇರು ಮಾಡುತ್ತವೆ. ಆರ್‌ಎನ್‌ಎ ಬೇಗ ಒಡೆದುಹೋಗುವ ವಸ್ತು. ರಕ್ಷಕ ದ್ರಾವಣವಿಲ್ಲದ ಕೊಳವೆಯಲ್ಲಿ ರಕ್ತ ತೆಗೆದು, ಮಳೆಗಾಲದ ಘಾಟಿ ದಾರಿಯಲ್ಲಿ ದೂರದ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಅಲ್ಲಿ ಅಳೆಯುವುದು ಪ್ರಯಾಣವನ್ನೇ ಹೊರತು ಕಾಯಿಲೆಯನ್ನಲ್ಲ. ಲೆಕ್ಕದ ತೊಡಕು ಇನ್ನೊಂದು. ಪ್ರೋಟೀನು ತಯಾರಿಸುವ ವಂಶವಾಹಿಗಳು ನಮ್ಮಲ್ಲಿ ಸುಮಾರು 20,000. ನೂರಕ್ಕೆ ಐದು ತಪ್ಪನ್ನು ಒಪ್ಪುವ ರೂಢಿಯ ಮಿತಿಯಿಟ್ಟು ಒಂದೊಂದನ್ನೇ ಹೋಲಿಸುತ್ತ ಹೋದರೆ, ನಿಜವಾದ ವ್ಯತ್ಯಾಸ ಒಂದೂ ಇರದಿದ್ದರೂ ಸಾವಿರದಷ್ಟು ವಂಶವಾಹಿಗಳು ಬದಲಾದಂತೆ ಕಾಣುತ್ತವೆ. ಕೆಲವೇ ಹತ್ತಾರು ಮಂದಿಯ ರಕ್ತದಲ್ಲಿ ಕಂಡದ್ದು ಬೇರೆ ಊರಿನ, ಬೇರೆ ಜನರ ರಕ್ತದಲ್ಲಿ ಮತ್ತೆ ಕಾಣುವವರೆಗೆ ನಾನಂತೂ ಅದನ್ನು ಕಾಯಿಲೆಯ ಗುರುತು ಎನ್ನಲಾರೆ.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ನಮ್ಮೆದುರು ಕುಳಿತ ಯುವಕ ಆರೋಗ್ಯವಾಗಿಲ್ಲವೆಂಬುದು ಅವನ ತಾಯಿಗೇ ಗೊತ್ತಿರುತ್ತದೆ. ಅವನಿಗಿರುವುದು ಸ್ಕಿಜೋಫ್ರೇನಿಯಾವೋ, ಅತಿಯಾದ ಉತ್ಸಾಹವೂ ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆಯೋ, ಗಾಂಜಾದಿಂದಾದ ಭ್ರಮೆಯೋ ಎಂಬುದು ವೈದ್ಯರ ಪ್ರಶ್ನೆ. ಔಷಧಿ ಆರಂಭಿಸುವ ಮೊದಲೇ ರಕ್ತ ಪಡೆದು, ಅದೇ ವ್ಯಕ್ತಿಯನ್ನು ವರ್ಷಗಟ್ಟಲೆ ಗಮನಿಸಿ, ಹೋಲುವ ಕಾಯಿಲೆಗಳನ್ನು ಬೇರ್ಪಡಿಸಬಲ್ಲ ಪರೀಕ್ಷೆ ಸಿಕ್ಕಿದರೆ ಮಾತ್ರ ಅದು ನಮ್ಮ ತೋಟದ ಕಾರ್ಮಿಕರ ಲೈನ್‌ಮನೆಗಳಿಗೂ ಕೊಡವ ಕುಟುಂಬಗಳ ಐನ್‌ಮನೆಗಳಿಗೂ ಉಪಯೋಗಕ್ಕೆ ಬಂದೀತು.

ಅಲ್ಲಿಯವರೆಗೆ ರೋಗನಿರ್ಣಯ ನಡೆಯುವುದು ಮಾತುಕತೆಯಿಂದ, ಮನೆಯವರು ಹೇಳುವ ವಿವರದಿಂದ. ಥೈರಾಯ್ಡ್ ದೋಷ, ಬಿ12 ಕೊರತೆಯಂಥ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ನಾವು ರಕ್ತಪರೀಕ್ಷೆ ಮಾಡಿಸುತ್ತೇವೆ. ಯಾರಾದರೂ ಒಂದು ಹನಿ ರಕ್ತದಿಂದ ಸ್ಕಿಜೋಫ್ರೇನಿಯಾ ಹೇಳಿಬಿಡುತ್ತೇವೆ ಎಂದರೆ ದಯವಿಟ್ಟು ಹಣ ಕೊಡಬೇಡಿ. ಅಂಥ ಪರೀಕ್ಷೆಗೆ ಕಾಯುತ್ತ ಚಿಕಿತ್ಸೆಯನ್ನೂ ಮುಂದೂಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನು ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆ ಆರಂಭಿಸಿದವರಿಗೆ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಿಳಿಕಣಗಳ ಎಣಿಕೆ ಕಡ್ಡಾಯ. ಆ ಔಷಧಿಯಿಂದ ಕೆಲವರಲ್ಲಿ ಬಿಳಿಕಣಗಳು ಅಪಾಯಕರವಾಗಿ ಕುಸಿಯುವುದುಂಟು. ನಾಪೋಕ್ಲುವಿನಿಂದಲೋ ಶ್ರೀಮಂಗಲದಿಂದಲೋ ಮಳೆಯಲ್ಲಿ ಬಸ್ಸು ಹಿಡಿದು ಬರುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ಆ ಒಂದು ರಕ್ತಪರೀಕ್ಷೆಯನ್ನು ಯಾವ ವಾರವೂ ತಪ್ಪಿಸಬೇಡಿ. ನಮಸ್ಕಾರ.