ಹಿತ್ತಲಲ್ಲೊಂದು ಪಿಜ್ಜಾ ಭಟ್ಟಿ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯಲ್ಲಿ ಕೂತು ಹಿತ್ತಲಲ್ಲಿ ಪಿಜ್ಜಾ ಭಟ್ಟಿ ಕಟ್ಟುವ ಮಾತು ತೆಗೆದರೆ ಮನೆಯವರು ಕೇಳುವುದು ಒಂದೇ: ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿದೆ, ಅದು ಸಾಲದಾ? ನ್ಯಾಯವಾದ ಪ್ರಶ್ನೆಯೇ. ಆದರೆ ಇಟಲಿಯ ನೇಪಲ್ಸ್ ಪದ್ಧತಿಯ ಪಿಜ್ಜಾಕ್ಕೆ 430 ಡಿಗ್ರಿಗೂ ಮೇಲಿನ ಕಾವು ಬೇಕು. ಅಷ್ಟು ಕಾವಿದ್ದರೆ ಒಂದು, ಒಂದೂವರೆ ನಿಮಿಷದಲ್ಲಿ ಬೆಂದು ಹೊರಗೆ ಬರುತ್ತದೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಮನೆಯ ಕರೆಂಟ್ ಓವನ್ ಸಾಮಾನ್ಯವಾಗಿ 250 ಡಿಗ್ರಿಗೆ ನಿಂತುಬಿಡುತ್ತದೆ. ಅದರಲ್ಲಿ ಬೇಯಲು ಹೊತ್ತು ಹಿಡಿಯುತ್ತದೆ, ಹಿಟ್ಟು ಒಣಗುತ್ತದೆ.

ನಮ್ಮ ಕಡೆ ತಂದೂರ್ ನೋಡದವರು ಕಡಿಮೆ. ತಂದೂರಿನಲ್ಲಿ ಬೆಂಕಿ ತಳದಲ್ಲಿ, ರೊಟ್ಟಿ ಗೋಡೆಗೆ. ಪಿಜ್ಜಾ ಭಟ್ಟಿಯಲ್ಲಿ ಬೆಂಕಿ ಒಂದು ಬದಿಗೆ, ಪಿಜ್ಜಾ ನೆಲದ ಮೇಲೆ. ಉರಿ ಗುಮ್ಮಟದ ಒಳಮೈ ಸವರಿಕೊಂಡು ಬಾಯಿಯ ಕಡೆ ಬರುತ್ತದೆ. ಹಾಸಿನ ಕಾವು ತಳ ಬೇಯಿಸುತ್ತದೆ, ಗುಮ್ಮಟದ ಕಾವು ಮೇಲಿನ ಚೀಸ್ ಕರಗಿಸುತ್ತದೆ. ಅಂದರೆ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆ ಮಾಡುವುದು ಕಾದ ಇಟ್ಟಂಗಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿಯಲ್ಲಿ ಹೂತುಹೋದ ಪಾಂಪೆ ಪಟ್ಟಣದಲ್ಲೂ ಇಂಥ ಗುಮ್ಮಟದ ಬೇಕರಿ ಒಲೆಗಳು ಸಿಕ್ಕಿವೆ. ಕಾವನ್ನು ಹಿಡಿದಿಡುವುದೇ ಇದರ ಕಸುಬು. ಕಟ್ಟುವಾಗ ಪ್ರತಿ ಹಂತದಲ್ಲೂ ಇದನ್ನೇ ನೆನಪಿಡಬೇಕು.

ಮೊದಲು ಪಾಯ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಭಟ್ಟಿಯ ತೂಕವೋ ಒಂದು ಟನ್ ಹತ್ತಿರ. ಸುಮ್ನೆ ಮೇಲೆ ನಾಲ್ಕು ಇಟ್ಟಂಗಿ ಜೋಡಿಸಿ ಶುರು ಮಾಡಿದರೆ ಮುಂದಿನ ಮಳೆಗಾಲಕ್ಕೆ ಗುಮ್ಮಟ ಸೀಳುತ್ತದೆ. ಎರೆಮಣ್ಣು ತೆಗೆದುಹಾಕಿ, ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು. ಮುರುಮ್ ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸು. ಬೀದರಿನ ಕೆಂಪು ಕಲ್ಲಿನ ನೆಲದವರಿಗೆ ಈ ಕಷ್ಟ ಅಷ್ಟಿಲ್ಲ. ಅವರ ಪುಣ್ಯ.

ಸೊಂಟದೆತ್ತರದ ಕಟ್ಟೆ ಕಟ್ಟಿದ ಮೇಲೆ ಒಲೆಯ ಹಾಸು. ಇಲ್ಲಿ ಎಲ್ಲರ ಕಣ್ಣೂ ಶಹಾಬಾದ್ ಕಲ್ಲಿನ ಮೇಲೆ ಬೀಳುತ್ತದೆ. ಅಗ್ಗ, ಚೆಂದ, ಮನೆತುಂಬ ಅದೇ ಇದೆ. ಆದರೆ ಬೆಂಕಿಯ ಕೆಳಗೆ ಅದು ಬೇಡವೇ ಬೇಡ. ಅದು ಪದರ ಪದರವಾದ ಸುಣ್ಣದ ಕಲ್ಲು. ಪದರದ ನಡುವೆ ತೇವ ಇದ್ದರೆ ಕಾವಿಗೆ ಆವಿಯಾಗಿ ಚಕ್ಕೆ ಎದ್ದು ಸಿಡಿಯುತ್ತದೆ. ಹೊರಗೆ ಹಿಟ್ಟು ತಟ್ಟುವ ಕಟ್ಟೆಗೆ ಮಾತ್ರ ಅದಕ್ಕಿಂತ ಒಳ್ಳೆಯ ಕಲ್ಲು ಇಲ್ಲ. ಒಲೆಯ ಹಾಸಿಗೆ ಫೈರ್ ಬ್ರಿಕ್, ಅಂದರೆ ಬೆಂಕಿ ತಡೆಯುವ ಇಟ್ಟಂಗಿ ತನ್ನಿ. ಒಂಬತ್ತು ಇಂಚು ಉದ್ದ, ನಾಲ್ಕೂವರೆ ಅಗಲ. ಮೂರು ಅಡಿ ಅಗಲದ ಒಲೆಗೆ ಮೂವತ್ತರಷ್ಟು ಸಾಕು.

ಒಂದು ಎಚ್ಚರಿಕೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಸುಡುವ ಗೂಡಿನ ಒಳಮೈಗೂ ಬೆಂಕಿ ತಡೆಯುವ ಇಟ್ಟಂಗಿಯೇ ಇರುತ್ತದೆ. ಎಲ್ಲಾದರೂ ಗುಜರಿಯಲ್ಲಿ ಅಂಥ ಹಳೆ ಇಟ್ಟಂಗಿ ಅಗ್ಗಕ್ಕೆ ಸಿಕ್ಕರೂ ಅಡುಗೆಗೆ ತರಬೇಡಿ. ಕೆಲವು ಬಗೆಯವುಗಳಲ್ಲಿ ಕ್ರೋಮಿಯಂ ಇರುತ್ತದೆ. ಗೂಡಿನಲ್ಲಿ ಬೆಂದು ಅದು ವಿಷದ ರೂಪಕ್ಕೆ ತಿರುಗಿರಬಹುದು.

ಹಾಸಿನ ಕೆಳಗೆ ನಾಲ್ಕು ಇಂಚು ಪರ್ಲೈಟ್ ಕಾಂಕ್ರೀಟ್ ಹಾಕಿ. ನರ್ಸರಿಯವರು ಕುಂಡಗಳಿಗೆ ಹಾಕುವ ಬಿಳಿ, ಹಗುರ ಪರ್ಲೈಟ್ ಇದೆಯಲ್ಲ, ಅದೇ. ಐದು ಪಾಲು ಪರ್ಲೈಟ್, ಒಂದು ಪಾಲು ಸಿಮೆಂಟ್. ಇದಿಲ್ಲದಿದ್ದರೆ ನೀವು ಸುಟ್ಟ ಕಟ್ಟಿಗೆಯ ಕಾವು ಕೆಳಗಿನ ಕಾಂಕ್ರೀಟಿಗೆ ಇಳಿದು ವ್ಯರ್ಥವಾಗುತ್ತದೆ.

ಇನ್ನು ಗುಮ್ಮಟ. ನಮ್ಮ ಸೀಮೆಯವರು ಗುಮ್ಮಟಕ್ಕೆ ಹೆದರಬಾರದು. ಕಲಬುರಗಿಯಲ್ಲಿ ಹಫ್ತ್ ಗುಂಬಜ್ ಇದೆ, ಬೀದರ್ ಪಕ್ಕದಲ್ಲಿ ಅಷ್ಟೂರಿನ ಗೋರಿಗಳಿವೆ. ಅಷ್ಟೂರಿಗೆ ಹೋದರೆ ಬಹಮನಿ ಸುಲ್ತಾನ ಹುಮಾಯೂನನ ಗೋರಿ ನೋಡಿ. ಅವನು ಸತ್ತದ್ದು 1461ರಲ್ಲಿ. ಆ ಗೋರಿಗೆ ಸಿಡಿಲು ಬಡಿದು ಬಹುಭಾಗ ಬಿದ್ದುಹೋಗಿದೆ. ಉಳಿದ ತುಂಡಿನಲ್ಲಿ ಗುಮ್ಮಟದ ದಪ್ಪ, ಅದರ ಬಾಗು ಎರಡೂ ಬಿಚ್ಚಿಟ್ಟ ಹಾಗೆ ಕಾಣುತ್ತವೆ. ನಿಮ್ಮ ಗೌಂಡಿಯನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಒಂದು ಸುತ್ತು ಇಟ್ಟಂಗಿ ಪೂರ್ತಿಯಾದರೆ ಆ ಸುತ್ತು ಒಂದನ್ನೊಂದು ಒತ್ತಿಕೊಂಡು ತಾನೇ ನಿಲ್ಲುತ್ತದೆ. ಗುಟ್ಟು ಅಷ್ಟೇ.

ನಮಗೆ ಸುಲಭದ ದಾರಿ ಉಸುಕಿನದು. ಹಾಸಿನ ಮೇಲೆ ಹಸಿ ಉಸುಕನ್ನು ಗುಮ್ಮಟದ ಆಕಾರಕ್ಕೆ ಗುಡ್ಡೆ ಮಾಡಿ, ಒದ್ದೆ ಪೇಪರ್ ಹೊದಿಸಿ, ಸುತ್ತ ಇಟ್ಟಂಗಿ ಕಟ್ಟುತ್ತಾ ಹೋಗಿ. ಗಾರೆ ಗಟ್ಟಿಯಾದ ಮೇಲೆ ಬಾಯಿಯಿಂದ ಉಸುಕು ತೋಡಿ ತೆಗೆಯಿರಿ. ಚೆನ್ನಾಗಿ ಸುಟ್ಟ ಊರ ಇಟ್ಟಂಗಿ ಗುಮ್ಮಟಕ್ಕೆ ನಡೆಯುತ್ತದೆ. ಗಾರೆ ಮಾತ್ರ ಫೈರ್ ಕ್ಲೇದು, ಅಂದರೆ ಕಾವು ತಡೆಯುವ ಜೇಡಿಮಣ್ಣಿನದು. ಬರೀ ಸಿಮೆಂಟ್ ಗಾರೆ 300 ಡಿಗ್ರಿ ದಾಟಿದರೆ ಒಳಗಿನ ನೀರು ಬಿಟ್ಟು ಪುಡಿಯಾಗತೊಡಗುತ್ತದೆ. ಹೊಲದ ಎರೆಮಣ್ಣೂ ಬೇಡ, ಒಣಗಿದರೆ ಬಿರಿಯುತ್ತದೆ.

ಅಳತೆ ಹೇಳಿಬಿಡುತ್ತೇನೆ. ಒಳಗಿನ ಅಗಲ 36 ಇಂಚು, ಎತ್ತರ 18, ಬಾಯಿಯ ಎತ್ತರ 11. ಬಾಯಿ ಒಳ ಎತ್ತರದ ಶೇಕಡಾ 60ರಿಂದ 65ರಷ್ಟು ಇರಬೇಕು. ಜಾಸ್ತಿಯಾದರೆ ಕಾವು ಓಡಿಹೋಗುತ್ತದೆ, ಕಡಿಮೆಯಾದರೆ ಹೊಗೆ ಕಟ್ಟಿಕೊಂಡು ಬೆಂಕಿ ನಂದುತ್ತದೆ. ಹೊಗೆ ಕೊಳವೆ ಗುಮ್ಮಟದ ತುದಿಯಲ್ಲಿ ಬೇಡ, ಬಾಯಿಯ ಮುಂದೆ ಮೇಲ್ಗಡೆ ಇರಲಿ. ಗೌಂಡಿ ಇದಕ್ಕೆ ಖಂಡಿತ ತಕರಾರು ತೆಗೆಯುತ್ತಾನೆ. ಬಿಡಬೇಡಿ.

ಗುಮ್ಮಟದ ಹೊರಗೆ, ಕಾವು ಹೊರಹೋಗದ ಹಾಗೆ, ಎರಡು ಇಂಚು ಸೆರಾಮಿಕ್ ಫೈಬರ್ ಹೊದಿಕೆ, ಮೇಲೆ ಗಿಲಾವು. ಆ ಹೊದಿಕೆ ಕತ್ತರಿಸುವಾಗ ಮಾಸ್ಕ್, ಕೈಗವಸು ಕಡ್ಡಾಯ.

ಕಟ್ಟಿದ ದಿನವೇ ಜೋರು ಬೆಂಕಿ ಹಾಕಲು ಎಲ್ಲರಿಗೂ ಆಸೆ. ಬೇಡ. ಒಂದು ವಾರ ದಿನಕ್ಕಿಷ್ಟು ಸಣ್ಣ ಬೆಂಕಿ, ದಿನದಿನಕ್ಕೆ ತುಸು ಜಾಸ್ತಿ. ಒಳಗಿನ ತೇವ ನಿಧಾನವಾಗಿ ಹೋಗಬೇಕು. ಕೂದಲೆಳೆಯ ಬಿರುಕು ಬಂದರೆ ಗಾಬರಿ ಆಗಬೇಡಿ.

ಸೌದೆ ವಿಷಯದಲ್ಲಿ ನಾವು ಶ್ರೀಮಂತರು. ತೊಗರಿ ರಾಶಿ ಮುಗಿದ ಮೇಲೆ ಉಳಿಯುವ ತೊಗರಿ ಕಟ್ಟಿಗೆ ಬೆಂಕಿ ಹೊತ್ತಿಸಲು ಬಲು ಚಂದ. ಆಮೇಲೆ ಒಣಗಿದ ಜಾಲಿ ತುಂಡು ಹಾಕಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಕಣಗಿಲೆ ಕೊಂಬೆ ಯಾವತ್ತೂ ಬೇಡ, ಆ ಹೊಗೆ ವಿಷ. ಮೊದಲು ಗುಮ್ಮಟ ಮಸಿ ಹಿಡಿದು ಕಪ್ಪಾಗುತ್ತದೆ. ಕಾವು ಸುಮಾರು 350 ಡಿಗ್ರಿ ದಾಟಿದಾಗ ಆ ಮಸಿಯೇ ಸುಟ್ಟು ಇಟ್ಟಂಗಿಯ ಬಣ್ಣ ಮತ್ತೆ ಕಾಣುತ್ತದೆ. ಥರ್ಮಾಮೀಟರ್ ಇಲ್ಲದವರಿಗೆ ಇದೇ ಗುರುತು. ಆಗ ಕೆಂಡ ಬದಿಗೆ ಸರಿಸಿ, ಹಾಸು ಗುಡಿಸಿ, ಪಿಜ್ಜಾ ಬಿಡಿ.

ಪಿಜ್ಜಾ ಮುಗಿದ ಮೇಲೆ ಬಾಯಿಗೆ ಬಾಗಿಲು ಮುಚ್ಚಿ. ರಾತ್ರಿ ಬದನೆಕಾಯಿ ಸುಡಬಹುದು, ಮರುದಿನ ಬೆಳಿಗ್ಗೆ ಆರುತ್ತಾ ಬಂದ ಕಾವಿನಲ್ಲಿ ಖಡಕ್ ರೊಟ್ಟಿ ಒಣಗಿಸಬಹುದು. ನನ್ನ ಮಟ್ಟಿಗೆ ಪಿಜ್ಜಾಕ್ಕಿಂತ ಈ ಉಳಿದ ಕಾವಿನ ಲಾಭವೇ ದೊಡ್ಡದು. ಪಿಜ್ಜಾದ ಮೇಲೆ ಶೇಂಗಾ ಹಿಂಡಿ ಉದುರಿಸಿದರೆ ಇಟಲಿಯವರು ಮುನಿಸಿಕೊಂಡಾರು, ನಾವೇನೂ ಅವರನ್ನು ಊಟಕ್ಕೆ ಕರೆದಿಲ್ಲವಲ್ಲ.

ಕೆಲಸ ಶುರು ಮಾಡಲು ದಸರಾ, ದೀಪಾವಳಿ ಹೊತ್ತು ಸರಿ. ಮಳೆ ಹಿಂದೆ ಸರಿದಿರುತ್ತದೆ, ತೊಗರಿ ಕಟ್ಟಿಗೆ ಬರುವಷ್ಟರಲ್ಲಿ ಭಟ್ಟಿ ಒಣಗಿರುತ್ತದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಮೇಲೊಂದು ತಗಡಿನ ಮಾಡು ಹಾಕಿಸಿ. ಅಕಸ್ಮಾತ್ ನೆನೆದರೆ ಮತ್ತೆ ಸಣ್ಣ ಬೆಂಕಿಯಿಂದಲೇ ಶುರು ಮಾಡಬೇಕು. ನಮಸ್ಕಾರ.