ಕಡಲಂಚಿನ ಗಲೀಸಿಯಾದಲ್ಲಿ ಹ್ಯಾಲೊವೀನ್ ರಾತ್ರಿ ಮತ್ತು ಚೆಸ್ಟ್‌ನಟ್ ಹಬ್ಬ

[ದೃಶ್ಯ: ಮುಸ್ಸಂಜೆಯ ಮೀನುಗಾರಿಕಾ ಬಂದರು. ಕಲ್ಲುಗೋಡೆಯ ಮೇಲೆ ಸಾಲಾಗಿ ಇಟ್ಟ ಕೊರೆದ ಕುಂಬಳಕಾಯಿಗಳು.]

ನಮಸ್ಕಾರ. ಅಕ್ಟೋಬರ್ 31ರ ಸಂಜೆ ಸ್ಪೇನ್ ದೇಶದ ವಾಯವ್ಯ ತುದಿಯಲ್ಲಿರುವ ಸೆದೆಯ್ರಾ ಎಂಬ ಮೀನುಗಾರರ ಪಟ್ಟಣದಲ್ಲಿ ನಡೆದಾಡಿದರೆ, ಕಣ್ಣು, ಮೂಗು, ಹಲ್ಲುಗಳನ್ನು ಕೊರೆದು ಒಳಗೆ ಮೇಣದ ಬತ್ತಿ ಹಚ್ಚಿಟ್ಟ ಕುಂಬಳಕಾಯಿಗಳು ದಾರಿಯುದ್ದಕ್ಕೂ ನಮ್ಮನ್ನು ದಿಟ್ಟಿಸುತ್ತವೆ. ಅಮೆರಿಕದ ಸಿನಿಮಾಗಳಲ್ಲಿ ಕಂಡ ಹ್ಯಾಲೊವೀನ್ ಇಲ್ಲಿಗೂ ಬಂದಿದೆ ಎಂದು ಯಾರಿಗಾದರೂ ಮೊದಲು ಅನ್ನಿಸುತ್ತದೆ. ಊರಿನವರು ಮಾತ್ರ ಈ ರಾತ್ರಿಯನ್ನು ಸಮಯೀನ್ ಎಂದು ಕರೆಯುತ್ತಾರೆ; ಕೊರೆದ ಕುಂಬಳಕಾಯಿಗೆ ಈ ಸೀಮೆಯಲ್ಲಿ ಒಂದೆಡೆ ಕಲಕೂ ಎಂದೂ ಇನ್ನೊಂದೆಡೆ ತಲೆಬುರುಡೆ ಎಂಬ ಅರ್ಥದ ಕಲಿವೇರಾ ಎಂದೂ ಹೆಸರುಗಳಿವೆ. ಹೊರಗಿನಿಂದ ಬಂದ ಹಬ್ಬ ಯಾವುದು, ಮನೆಯಲ್ಲೇ ಇದ್ದು ಮರೆತುಹೋಗಿದ್ದ ಹಬ್ಬ ಯಾವುದು ಎಂಬ ಪ್ರಶ್ನೆ ಇಲ್ಲಿ ಎಷ್ಟು ತೊಡಕಾಗಿದೆ ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

ಸೆದೆಯ್ರಾ ಇರುವುದು ಗಲೀಸಿಯಾ ಎಂಬ ಸ್ವಾಯತ್ತ ಪ್ರಾಂತದಲ್ಲಿ. ಸ್ಪೇನ್ ಎಂದೊಡನೆ ಕಣ್ಣಿಗೆ ಕಟ್ಟುವ ಬಿಸಿಲು, ಒಣನೆಲ, ಗೂಳಿ ಕಾಳಗಗಳಿಗೂ ಈ ನಾಡಿಗೂ ಹೆಚ್ಚಿನ ನಂಟಿಲ್ಲ. ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿ ಸುಮಾರು 1,500 ಕಿಲೋಮೀಟರ್ ಉದ್ದಕ್ಕೆ ಹರಿದುಹಂಚಿದಂತೆ ಚಾಚಿರುವ ಕರಾವಳಿ, ನೆಲದೊಳಕ್ಕೆ ಆಳವಾಗಿ ನುಗ್ಗಿದ ಕೊಲ್ಲಿಗಳು, ಶರತ್ಕಾಲದಲ್ಲಿ ಎಡೆಬಿಡದ ಮಳೆ, ಮಂಜು, ಹಸಿರು ಗುಡ್ಡಗಳು, ಗ್ರಾನೈಟ್ ಕಲ್ಲಿನ ಮನೆಗಳು, ಪೋರ್ಚುಗೀಸ್ ಭಾಷೆಗೆ ಹತ್ತಿರವಾದ ಗಲೀಸಿಯನ್ ನುಡಿ, ಸುಮಾರು 27 ಲಕ್ಷ ಜನ: ಇವೆಲ್ಲ ಸೇರಿ ಗಲೀಸಿಯಾ.

[ದೃಶ್ಯ: ನವೆಂಬರ್ 1ರ ಬೆಳಿಗ್ಗೆ. ಸೇವಂತಿಗೆ ಹೂವುಗಳಿಂದ ತುಂಬಿದ ಸ್ಮಶಾನ.]

ಅಕ್ಟೋಬರ್ 31ರ ರಾತ್ರಿಗೆ ಮಹತ್ವ ಬಂದಿರುವುದು ಮರುದಿನದಿಂದ. ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ಆಚರಿಸುವ ಕ್ರಮ ಪಶ್ಚಿಮ ಯುರೋಪಿನ ಚರ್ಚಿನಲ್ಲಿ 9ನೇ ಶತಮಾನದಲ್ಲಿ ನೆಲೆಗೊಂಡಿತು; ನವೆಂಬರ್ 2ನ್ನು ಸತ್ತ ಎಲ್ಲರ ಆತ್ಮಗಳಿಗಾಗಿ ಮೀಸಲಿಡುವ ಪದ್ಧತಿ ಫ್ರಾನ್ಸಿನ ಕ್ಲೂನಿ ಮಠದಿಂದ ಹರಡಿತು. ಸ್ಪೇನಿನಲ್ಲಿ ಇಂದಿಗೂ ನವೆಂಬರ್ 1 ಸಾರ್ವಜನಿಕ ರಜೆಯ ದಿನ. ಅದಕ್ಕೆ ಕೆಲವು ದಿನ ಮೊದಲೇ ಮನೆಯವರು ಸ್ಮಶಾನಕ್ಕೆ ಹೋಗಿ ಸಮಾಧಿಯ ಕಲ್ಲನ್ನು ಉಜ್ಜಿ ತೊಳೆದು ಬರುತ್ತಾರೆ. ಆ ದಿನ ಸೇವಂತಿಗೆ ಹೂಗಳನ್ನು ಇರಿಸಿ, ಬತ್ತಿ ಹಚ್ಚಿ, ನೆರೆಹೊರೆಯವರೊಂದಿಗೆ ಸತ್ತವರ ಬಗ್ಗೆ ಮಾತನಾಡುತ್ತ ನಿಲ್ಲುತ್ತಾರೆ. ದೂರದ ನಗರಗಳಲ್ಲಿ ಕೆಲಸಕ್ಕಿರುವ ಮಕ್ಕಳು ಊರಿಗೆ ಬರುವ ದಿನವೂ ಇದೇ. ಆ ಕರಾವಳಿಯ ನಿಜವಾದ ಶರತ್ಕಾಲದ ಹಬ್ಬ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ವೇಷಭೂಷಣಗಳ ರಾತ್ರಿಗಿಂತ ಮೊದಲು ಈ ಹಗಲನ್ನೇ ನಾನು ತೋರಿಸುತ್ತೇನೆ.

ಕಡಲ ಅಂಚಿನಲ್ಲಿ ಬದುಕುವವರಿಗೆ ಸಾವಿನ ನೆನಪು ಇನ್ನೂ ಹತ್ತಿರದ್ದು, ಏಕೆಂದರೆ ಮೀನಿಗೆ ಹೋದವನ ದೇಹ ಎಷ್ಟೋ ಸಲ ಮನೆಗೆ ಮರಳುವುದಿಲ್ಲ. ಗಲೀಸಿಯಾದ ಪಶ್ಚಿಮದ ಬಂಡೆಗಲ್ಲಿನ ತೀರಕ್ಕೆ ಕೋಸ್ತಾ ದಾ ಮೋರ್ತೆ, ಅಂದರೆ ಸಾವಿನ ಕರಾವಳಿ, ಎಂಬ ಹೆಸರೇ ನಿಂತಿದೆ. 1890ರ ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಸರ್ಪೆಂಟ್ ಎಂಬ ಹಡಗು ಕಮರೀನ್ಯಾಸ್ ಬಳಿಯ ಬಂಡೆಗಳಿಗೆ ಬಡಿದು ಒಡೆದಾಗ, ಅದರಲ್ಲಿದ್ದ 170ಕ್ಕೂ ಹೆಚ್ಚು ಜನರ ಪೈಕಿ ಬದುಕಿ ದಡ ಸೇರಿದವರು ಮೂವರು. ಅಲೆಗಳು ತಂದೊಪ್ಪಿಸಿದ ಅಪರಿಚಿತರ ದೇಹಗಳನ್ನು ಸುತ್ತಲಿನ ಹಳ್ಳಿಯವರು ಆ ದಡದಲ್ಲಿಯೇ ಮಣ್ಣು ಮಾಡಿದರು. ಇಂಗ್ಲಿಷರ ಸ್ಮಶಾನ ಎಂದು ಕರೆಯುವ ಆ ಕಲ್ಲಿನ ಆವರಣ ಗಾಳಿ ಬೀಸುವ ಬಯಲಿನಲ್ಲಿ ಇಂದಿಗೂ ಇದೆ.

[ದೃಶ್ಯ: ಮಂಜು ಮುಸುಕಿದ ಕಡಿದಾದ ಸಮುದ್ರದಂಚು. ಕಲ್ಲಿನ ಗುಡ್ಡೆಗಳು. ಒಂದು ಪುಟ್ಟ ದೇಗುಲ.]

ಮತ್ತೆ ಸೆದೆಯ್ರಾಕ್ಕೆ ಬರೋಣ. ಈ ಪಟ್ಟಣದ ಆಡಳಿತದ ವ್ಯಾಪ್ತಿಯಲ್ಲಿಯೇ, ಸಮುದ್ರಕ್ಕೆ 600 ಮೀಟರಿಗೂ ಹೆಚ್ಚು ಎತ್ತರದಿಂದ ಇಳಿಯುವ ಕಪೆಲಾದಾ ಬೆಟ್ಟಸಾಲಿನ ಮಗ್ಗುಲಲ್ಲಿ, ಸಾನ್ ಆಂದ್ರೆಸ್ ದೆ ತೆಯ್ಶೀದೊ ಎಂಬ ಯಾತ್ರಾಸ್ಥಳವಿದೆ. ಬದುಕಿದ್ದಾಗ ತೆಯ್ಶೀದೊಕ್ಕೆ ಹೋಗದವರು ಸತ್ತ ಮೇಲೆ ಹೋಗುತ್ತಾರೆ ಎಂಬುದು ಗಲೀಸಿಯನ್ನರೆಲ್ಲರ ಬಾಯಲ್ಲಿರುವ ಗಾದೆ. ಯಾತ್ರೆಯನ್ನು ಬಾಕಿ ಉಳಿಸಿಕೊಂಡು ಸತ್ತವರ ಆತ್ಮಗಳು ಹಲ್ಲಿ, ಹಾವು, ಕಪ್ಪೆಗಳ ರೂಪದಲ್ಲಿ ಆ ದಾರಿಯಲ್ಲಿ ತೆವಳುತ್ತ ಬರುತ್ತವೆ ಎಂಬ ನಂಬಿಕೆಯಿಂದಾಗಿ, ಯಾತ್ರಿಕರು ಅಲ್ಲಿ ಯಾವ ಹುಳುಹುಪ್ಪಟೆಯನ್ನೂ ತುಳಿಯದಂತೆ ನೋಡಿಕೊಂಡು ಹೆಜ್ಜೆ ಇಡುತ್ತಾರೆ. ದಾರಿಯ ಪಕ್ಕದ ಕಲ್ಲುಗುಡ್ಡೆಗಳಿಗೆ ಪ್ರತಿಯೊಬ್ಬರೂ ಒಂದೊಂದು ಕಲ್ಲು ಸೇರಿಸುತ್ತಾರೆ. ಹಿಟ್ಟಿನಿಂದ ಮಾಡಿ ಬಣ್ಣ ಬಳಿದ ಪುಟ್ಟ ಬೊಂಬೆಗಳನ್ನು ಕೊಂಡು ಮನೆಗೆ ಒಯ್ಯುತ್ತಾರೆ.

ಗಲೀಸಿಯಾದ ಹಳ್ಳಿಗಳಲ್ಲಿ ಅಜ್ಜಿಯರು ಹೇಳುತ್ತಿದ್ದ ಸಾಂತಾ ಕೊಂಪಾನ್ಯಾ ಎಂಬ ಪ್ರೇತಮೆರವಣಿಗೆಯ ಕಥೆಗೂ ಇದೇ ಭಾವವೇ ತಳಹದಿ. ನಡುರಾತ್ರಿಯಲ್ಲಿ ಸತ್ತವರು ಬಿಳಿಯ ನಿಲುವಂಗಿ ತೊಟ್ಟು, ಕೈಯಲ್ಲಿ ಬತ್ತಿ ಹಿಡಿದು ಎರಡು ಸಾಲಾಗಿ ಊರು ಸುತ್ತುತ್ತಾರೆ. ಎಲ್ಲರ ಮುಂದೆ ಶಿಲುಬೆ ಹೊತ್ತು ನಡೆಯುವವನು ಮಾತ್ರ ಬದುಕಿರುವ ಮನುಷ್ಯ. ಬೆಳಗಾದರೆ ಅವನಿಗೆ ಏನೂ ನೆನಪಿರುವುದಿಲ್ಲ, ಆದರೆ ದಿನದಿನಕ್ಕೆ ಬಿಳಿಚಿಕೊಂಡು ಸೊರಗುತ್ತಾನೆ. ದಾರಿಯಲ್ಲಿ ಎದುರಾದ ಇನ್ನೊಬ್ಬನಿಗೆ ಆ ಶಿಲುಬೆಯನ್ನು ದಾಟಿಸಿದರಷ್ಟೇ ಅವನಿಗೆ ಬಿಡುಗಡೆ. ಕವಲುದಾರಿಗಳಲ್ಲಿ ನಿಲ್ಲಿಸಿದ ಕಲ್ಲಿನ ಶಿಲುಬೆಗಳ ಮೆಟ್ಟಿಲೇರಿ ನಿಂತರೆ, ಅಥವಾ ನೆಲದ ಮೇಲೆ ವೃತ್ತ ಬರೆದು ಅದರೊಳಗೆ ನಿಂತರೆ ಮೆರವಣಿಗೆ ಮುಟ್ಟದೆ ಹೋಗುತ್ತದೆ ಎನ್ನುತ್ತಾರೆ. ಗಾಳಿಯಲ್ಲಿ ಸುಟ್ಟ ಮೇಣದ ವಾಸನೆ ಬಂದರೆ ಅದು ಹತ್ತಿರದಲ್ಲಿದೆ ಎಂದು ಅರ್ಥ. ಇಂತಹ ನಾಡಿನ ಮಗುವಿಗೆ ಭಯದ ರಾತ್ರಿಯನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ.

[ದೃಶ್ಯ: ಶಾಲೆಯ ಕೋಣೆ. ಚಮಚೆಯಿಂದ ಕುಂಬಳಕಾಯಿಯ ತಿರುಳು ತೆಗೆಯುತ್ತಿರುವ ಮಕ್ಕಳು.]

ಹಾಗಾದರೆ ಕುಂಬಳಕಾಯಿ ಎಲ್ಲಿಂದ ಬಂತು? 1990ರ ದಶಕದ ಆರಂಭದಲ್ಲಿ ರಫಾಯೆಲ್ ಲೋಪೆಸ್ ಲೊವ್ರೆಯ್ರೊ ಎಂಬ ಶಾಲಾ ಶಿಕ್ಷಕರು, ಹಿಂದಿನ ತಲೆಮಾರಿನ ಮಕ್ಕಳು ಕುಂಬಳಕಾಯಿಯನ್ನು ತಲೆಬುರುಡೆಯಂತೆ ಕೊರೆದು, ದೀಪವಿಟ್ಟು, ಕತ್ತಲ ದಾರಿಯ ಗೋಡೆಗಳ ಮೇಲೆ ಇರಿಸಿ ದಾರಿಹೋಕರನ್ನು ಹೆದರಿಸುತ್ತಿದ್ದರು ಎಂಬುದನ್ನು ಸೆದೆಯ್ರಾದಲ್ಲಿ ಮತ್ತೆ ನೆನಪಿಗೆ ತಂದರು. ಹಿರಿಯರನ್ನು ಕೇಳಿ ಬೇರೆ ಬೇರೆ ಊರುಗಳಿಂದ ವಿವರ ಕಲೆಹಾಕಿದರು. ಸ್ಪೇನಿನ ಬೇರೆ ಕೆಲವು ಸೀಮೆಗಳಲ್ಲಿಯೂ ಅದೇ ರೂಢಿ ಇತ್ತೆಂಬುದು ಆ ಹುಡುಕಾಟದಲ್ಲಿ ಕಂಡುಬಂತು. ಮಕ್ಕಳ ಕೈಗೆ ಮತ್ತೆ ಕುಂಬಳಕಾಯಿ ಬಂತು. ಸಮಯೀನ್ ಎಂಬ ಹೆಸರಿನಲ್ಲಿ ಹಬ್ಬ ಸೆದೆಯ್ರಾದಿಂದ ಗಲೀಸಿಯಾದ ಶಾಲೆಗಳಿಗೂ ಪಟ್ಟಣಗಳಿಗೂ ಹಬ್ಬಿತು.

ಇಲ್ಲಿ ಎರಡು ಎಳೆಗಳನ್ನು ಬಿಡಿಸಿ ನೋಡಬೇಕು. ಸಮಯೀನ್ ಎಂಬ ಹೆಸರು ಐರ್ಲೆಂಡಿನ ಪ್ರಾಚೀನ ಹಬ್ಬದಿಂದ ತೆಗೆದುಕೊಂಡದ್ದು. ಸುಗ್ಗಿ ಮುಗಿದು ಚಳಿಗಾಲ ಆರಂಭವಾಗುವ ಗಡಿಯನ್ನು ಐರಿಷ್ ಭಾಷೆ ಆ ಹೆಸರಿನಿಂದ ಕರೆಯುತ್ತದೆ. ಐರಿಷರಂತೆ ತಾವೂ ಕೆಲ್ಟ್ ಎಂಬ ಪ್ರಾಚೀನ ಯುರೋಪಿನ ಜನರ ಮೂಲದವರು ಎಂಬ ಹೆಮ್ಮೆ ಗಲೀಸಿಯಾದಲ್ಲಿ 19ನೇ ಶತಮಾನದಿಂದ, ವಿಶೇಷವಾಗಿ ಇತಿಹಾಸಕಾರ ಮಾನ್ವೆಲ್ ಮುರ್ಗೀಯಾ ಅವರ ಬರಹಗಳಿಂದ, ಬಲವಾಗಿ ಬೆಳೆಯಿತು. ಆದರೆ ಪ್ರಾಚೀನ ಕೆಲ್ಟರ ಕಾಲದಿಂದ ಈ ಕಾಲದವರೆಗೆ ತುಂಡಾಗದೆ ಹರಿದುಬಂದ ಒಂದೇ ಹಬ್ಬವಿದೆ ಎನ್ನುವುದನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಇನ್ನು ಕುಂಬಳಕಾಯಿಯಂತೂ ಅಮೆರಿಕ ಖಂಡದ ಬೆಳೆ. ಕೊಲಂಬಸನ ಯಾನಗಳಿಗಿಂತ ಮೊದಲು ಯುರೋಪಿನ ಯಾವ ಹೊಲದಲ್ಲಿಯೂ ಅದು ಇರಲಿಲ್ಲ. ನಮ್ಮ ಬೂದುಗುಂಬಳ ಏಷ್ಯಾದ್ದೇ ಆದರೂ, ಸಾರಿಗೆ ಹಾಕುವ ಸಿಹಿಗುಂಬಳ ಕೂಡ ಹೀಗೆಯೇ ಕಡಲು ದಾಟಿ ಕರ್ನಾಟಕದ ಹಿತ್ತಿಲು ಸೇರಿದ್ದು ಎಂಬುದನ್ನು ಇಲ್ಲಿ ನೆನೆಯಬಹುದು. ಹಾಗಾಗಿ ಗಲೀಸಿಯಾದ ಕುಂಬಳದೀಪಕ್ಕೆ ಸಾವಿರಾರು ವರ್ಷಗಳ ವಯಸ್ಸು ಕಟ್ಟುವುದು ಸರಿಯಲ್ಲ. ಅದನ್ನು ನಿನ್ನೆ ಮೊನ್ನೆ ಟೀವಿಯಿಂದ ಇಳಿದದ್ದು ಎನ್ನುವುದೂ ಸರಿಯಲ್ಲ. ಅಜ್ಜನ ಬಾಲ್ಯದಲ್ಲಿದ್ದು ಅಪ್ಪನ ಕಾಲಕ್ಕೆ ಮಸುಕಾಗಿ ಮೊಮ್ಮಗನ ಕೈಗೆ ಮರಳಿದ ಆಟ ಅದು ಎಂದರೆ ಸತ್ಯಕ್ಕೆ ಹತ್ತಿರವಾಗುತ್ತದೆ.

[ದೃಶ್ಯ: ಚೆಸ್ಟ್‌ನಟ್ ತೋಪು. ಉದುರಿದ ಮುಳ್ಳುಕಾಯಿಗಳು. ಮುಂದೆ ಒಣಕಡ್ಡಿಗಳ ಬೆಂಕಿ.]

ಈ ಋತುವಿನಲ್ಲಿ ಯಾರೂ ಮತ್ತೆ ಹುಟ್ಟಿಸಬೇಕಾಗದೆ ಉಳಿದುಬಂದಿರುವುದು ಮಗೋಸ್ತೊ, ಅಂದರೆ ಚೆಸ್ಟ್‌ನಟ್ ಸುಡುವ ಹಬ್ಬ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ತಿಂದವರಿಗೆ ಚೆಸ್ಟ್‌ನಟ್ಟಿನ ರುಚಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅದೇ ಹಿಟ್ಟುಹಿಟ್ಟಾದ ಸಿಹಿ, ಅದೇ ಬಿಸಿ. ಸಿಪ್ಪೆಗೆ ಚಾಕುವಿನಿಂದ ಗೀರು ಹಾಕದಿದ್ದರೆ ಅದೇ ರೀತಿ ಸಿಡಿಯುವ ಗುಣ. ಸಕಲ ಸಂತರ ದಿನದಿಂದ ನವೆಂಬರ್ 11ರ ಸಾನ್ ಮಾರ್ತೀನ್ಯೊ, ಅಂದರೆ ಸಂತ ಮಾರ್ಟಿನನ ದಿನದವರೆಗೆ ಊರೂರಿನಲ್ಲಿ ಜನ ಬಯಲಿನಲ್ಲಿ ಒಣಕಡ್ಡಿ, ಹುಲ್ಲು ರಾಶಿ ಹಾಕಿ ಬೆಂಕಿ ಮಾಡಿ, ಅಥವಾ ತೂತುಗಳಿರುವ ತಗಡಿನ ಡಬ್ಬಿಗಳಲ್ಲಿ ತಿರುಗಿಸುತ್ತ ಚೆಸ್ಟ್‌ನಟ್ ಸುಡುತ್ತಾರೆ. ಜೊತೆಗೆ ಹೊಸ ದ್ರಾಕ್ಷಾರಸ, ಹಂದಿಮಾಂಸದ ಚೊರೀಸೊ, ಕರಾವಳಿಯಲ್ಲಾದರೆ ಸುಟ್ಟ ಬೂತಾಯಿ ಜಾತಿಯ ಮೀನು ಇರುತ್ತವೆ. ಬೆಂಕಿ ಆರಿದ ಮೇಲೆ ಮಸಿಯನ್ನು ಒಬ್ಬರ ಮುಖಕ್ಕೆ ಇನ್ನೊಬ್ಬರು ಬಳಿದು ಓಡುವುದು ದೊಡ್ಡವರಿಗೂ ಬಿಡದ ಆಟ. ಗಲೀಸಿಯಾದ ಕೊರೂನ್ಯಾ ಪ್ರಾಂತ್ಯದ ಹಲವೆಡೆ ಬೇಯಿಸಿದ ಚೆಸ್ಟ್‌ನಟ್‌ಗಳನ್ನು, ಅವುಗಳನ್ನು ಸೊಂಚೊ ಎನ್ನುತ್ತಾರೆ, ದಾರದಲ್ಲಿ ಪೋಣಿಸಿ ಹಾರ ಮಾಡಿ ಮಕ್ಕಳ ಕೊರಳಿಗೆ ಹಾಕುವ ರೂಢಿ ಇದೆ. ಮಕ್ಕಳು ನಡೆಯುತ್ತ ನಡೆಯುತ್ತ ಆ ಹಾರವನ್ನೇ ತಿಂದು ಮುಗಿಸುತ್ತಾರೆ.

ಸಂತೋಷದ ಈ ಬೆಂಕಿಯ ಸುತ್ತಲೂ ಸತ್ತವರು ಇದ್ದಾರೆ. ತಿನ್ನುವ ಪ್ರತಿ ಚೆಸ್ಟ್‌ನಟ್ಟಿಗೆ ಒಂದು ಆತ್ಮ, ಸ್ವರ್ಗಕ್ಕೆ ಮೊದಲು ಪಾಪ ತೊಳೆದುಕೊಳ್ಳುವ ಶುದ್ಧೀಕರಣದ ಲೋಕದಿಂದ ಬಿಡುಗಡೆಯಾಗುತ್ತದೆ ಎಂಬ ಹಳೆಯ ನಂಬಿಕೆ ಇದೆ. ಮುರ್ಗೀಯಾ ಅವರು ಮಗೋಸ್ತೊವನ್ನು ಮೂಲತಃ ಸತ್ತವರಿಗಾಗಿ ನಡೆಸುವ ಊಟವೆಂದೇ ಅರ್ಥೈಸಿದ್ದರು. ಆ ಅರ್ಥ ಐತಿಹಾಸಿಕವಾಗಿ ಸರಿಯೋ ಇಲ್ಲವೋ, ಬೆಳಿಗ್ಗೆ ಸ್ಮಶಾನದಲ್ಲಿ ನಿಂತವರೇ ಸಂಜೆ ಬೆಂಕಿಯ ಸುತ್ತ ಕುಳಿತಿರುವುದನ್ನು ಕಂಡಾಗ ನನಗೆ ಅದು ತಟ್ಟುತ್ತದೆ.

ಚೆಸ್ಟ್‌ನಟ್ಟಿಗೆ ಇಷ್ಟು ಗೌರವ ಬಂದಿರುವುದಕ್ಕೆ ಹಸಿವೂ ಕಾರಣ. ಅಮೆರಿಕದಿಂದ ಮುಸುಕಿನ ಜೋಳವೂ ಆಲೂಗಡ್ಡೆಯೂ ಬಂದು ನೆಲೆಯೂರುವ ಮೊದಲು, ಮಳೆ ಹೆಚ್ಚಿ ಗೋಧಿ ಸರಿಯಾಗಿ ಬೆಳೆಯದ ಈ ಗುಡ್ಡಗಾಡಿನಲ್ಲಿ ಬಡವರ ಚಳಿಗಾಲದ ಹೊಟ್ಟೆ ತುಂಬಿಸುತ್ತಿದ್ದದ್ದು ಚೆಸ್ಟ್‌ನಟ್. ರೋಮನ್ನರ ಕಾಲದಲ್ಲಿ ಹೆಚ್ಚಿದ ಇದರ ಕೃಷಿಗೆ ದೊಡ್ಡ ಪೆಟ್ಟು ಕೊಟ್ಟದ್ದು 18 ಮತ್ತು 19ನೇ ಶತಮಾನಗಳಲ್ಲಿ ಹರಡಿದ, ಬೇರನ್ನು ಕಪ್ಪಾಗಿಸಿ ಮರವನ್ನು ಕೊಲ್ಲುವ ತಿಂತಾ ರೋಗ. ಹಿಮ ಬೀಳದ ಬೆಚ್ಚಗಿನ ತಗ್ಗುಗಳಲ್ಲಿ ಆ ರೋಗಕ್ಕೆ ಹೆಚ್ಚು ಬಲ. ಆದ್ದರಿಂದ ಇಂದು ಕರಾವಳಿಯ ಹಬ್ಬಕ್ಕೂ ಚೆಸ್ಟ್‌ನಟ್ ಬಹುಮಟ್ಟಿಗೆ ಬರುವುದು ಒಳನಾಡಿನ ಲೂಗೊ, ಒವ್ರೆನ್ಸೆ ಪ್ರಾಂತ್ಯಗಳ ತೋಪುಗಳಿಂದ. 2014ರಲ್ಲಿ ಚೀನಾ ಮೂಲದ ಒಂದು ಪುಟ್ಟ ಕಣಜ ಗಲೀಸಿಯಾದಲ್ಲಿ ಕಾಣಿಸಿಕೊಂಡಿತು; ಮೊಗ್ಗಿನಲ್ಲಿ ಮೊಟ್ಟೆಯಿಟ್ಟು ಗಂಟು ಎಬ್ಬಿಸುವ ಆ ಕೀಟ ಇಳುವರಿಯನ್ನು ಕುಗ್ಗಿಸುತ್ತದೆ, ಅದನ್ನು ಹತ್ತಿಕ್ಕಲು ಅದರ ಮರಿಹುಳುಗಳನ್ನೇ ತಿಂದು ಬೆಳೆಯುವ ಇನ್ನೊಂದು ಕಣಜವನ್ನು ತೋಪುಗಳಲ್ಲಿ ಬಿಡಲಾಗುತ್ತಿದೆ. ಹಬ್ಬದ ಬಗ್ಗೆ ಮಾತನಾಡುವವರು ಈ ಮರಗಳ ಬಗ್ಗೆಯೂ ಮಾತನಾಡಬೇಕು ಎಂಬುದು ನನ್ನ ಮನಃಪೂರ್ವಕ ಅಭಿಪ್ರಾಯ. ಮರವಿಲ್ಲದೆ ಬೆಂಕಿಯೂ ಇಲ್ಲ, ಹಾರವೂ ಇಲ್ಲ.

[ದೃಶ್ಯ: ಕತ್ತಲು. ಮಣ್ಣಿನ ಪಾತ್ರೆಯಲ್ಲಿ ನೀಲಿ ಜ್ವಾಲೆ.]

ರಾತ್ರಿ ಬಲಿತಾಗ ಹಿರಿಯರು ಕೆಯ್ಮಾದಾ ಸಿದ್ಧ ಮಾಡುತ್ತಾರೆ. ದ್ರಾಕ್ಷಿ ಹಿಂಡಿ ಉಳಿದ ಸಿಪ್ಪೆಯಿಂದ ಬಟ್ಟಿ ಇಳಿಸಿದ ಕಡುಮದ್ಯಕ್ಕೆ ಸಕ್ಕರೆ, ನಿಂಬೆಯ ಸಿಪ್ಪೆ, ಕೆಲವು ಕಾಫಿ ಬೀಜ ಹಾಕಿ, ಮಣ್ಣಿನ ಪಾತ್ರೆಯಲ್ಲಿ ಬೆಂಕಿ ಹೊತ್ತಿಸಿ, ಸೌಟಿನಿಂದ ನೀಲಿ ಜ್ವಾಲೆಯನ್ನು ಎತ್ತಿ ಎತ್ತಿ ಸುರಿಯುತ್ತ, ಮಾಟಗಾತಿಯರನ್ನೂ ಕೆಟ್ಟ ಶಕ್ತಿಗಳನ್ನೂ ಓಡಿಸುವ ಮಂತ್ರದಂತಹ ಪದ್ಯವೊಂದನ್ನು ಗಟ್ಟಿಯಾಗಿ ಓದುತ್ತಾರೆ. ಕೇಳಿದವರು ಅದನ್ನು ಕೆಲ್ಟರ ಕಾಲದ್ದೆಂದೇ ನಂಬುತ್ತಾರೆ. ವಾಸ್ತವದಲ್ಲಿ ಆ ಪದ್ಯವನ್ನು ಮಾರಿಯಾನೊ ಮಾರ್ಕೊಸ್ ಅಬಾಲೊ ಅವರು 1967ರಲ್ಲಿ ವೀಗೊ ನಗರದಲ್ಲಿ ಬರೆದರು. ಇಂದು ಎಲ್ಲೆಡೆ ಕಾಣುವ ಮೂರು ಕಾಲಿನ ಮಣ್ಣಿನ ಪಾತ್ರೆಯ ವಿನ್ಯಾಸವೂ 1950ರ ದಶಕದ್ದು. ಇದನ್ನು ತಿಳಿದ ಮೇಲೆ ಆ ಜ್ವಾಲೆ ನನ್ನ ಕಣ್ಣಿಗೆ ಕಿರಿದಾಗಲಿಲ್ಲ. ಅರವತ್ತು ವರ್ಷಗಳಲ್ಲಿ ಒಂದು ನಾಡು ಒಬ್ಬನ ಸಾಲುಗಳನ್ನು ಬಾಯಿಪಾಠ ಮಾಡಿ ತನ್ನ ಅಜ್ಜಂದಿರದ್ದೆಂದು ನಂಬುವಷ್ಟು ಪ್ರೀತಿಸಿದೆ.

ನವೆಂಬರ್ 11ಕ್ಕೆ ಈ ಋತುವಿನ ಹಬ್ಬಗಳು ಕೊನೆಗೊಳ್ಳುತ್ತವೆ. ಅಂದು ಒವ್ರೆನ್ಸೆ ನಗರಕ್ಕೆ ರಜೆ. ಜನ ಚೆಸ್ಟ್‌ನಟ್, ಮಾಂಸ, ದ್ರಾಕ್ಷಾರಸದ ಬುಟ್ಟಿ ಹೊತ್ತು ಹತ್ತಿರದ ಗುಡ್ಡಗಳನ್ನು ಏರುತ್ತಾರೆ. ಹಂದಿ ಕಡಿಯುವ ಕಾಲವೂ ಆಗಲೇ ಆರಂಭವಾಗುವುದರಿಂದ, ಪ್ರತಿ ಹಂದಿಗೂ ಅದರ ಸಾನ್ ಮಾರ್ತೀನ್ಯೊ ಬಂದೇ ಬರುತ್ತದೆ ಎಂಬ ಗಾದೆ ಹುಟ್ಟಿದೆ. ಹಬ್ಬದಲ್ಲಿ ಸುಡದೆ ಉಳಿಸಿದ ಚೆಸ್ಟ್‌ನಟ್‌ಗಳನ್ನು ಹೊಗೆಯಲ್ಲಿ ಒಣಗಿಸಿ ಸಿಪ್ಪೆ ಸುಲಿದು ಇಡುವ ಮನೆಗಳು ಒಳನಾಡಿನಲ್ಲಿ ಇನ್ನೂ ಇವೆ. ಮಳೆ ನಿಲ್ಲದ ಜನವರಿಯ ದಿನಗಳಲ್ಲಿ ಅವುಗಳನ್ನು ನೆನೆಸಿ ಬೇಯಿಸಿ ಗಟ್ಟಿಯಾದ ಸಾರು ಮಾಡುತ್ತಾರೆ.

[ದೃಶ್ಯ: ಒಲೆಯ ಮೇಲೆ ಕುದಿಯುತ್ತಿರುವ ಪಾತ್ರೆ. ಕಿಟಕಿಯಾಚೆ ಮಳೆ.]