ಜಾಗ ನೋಡ್ರೀ, ಜಾಗ!

ನಮಸ್ಕಾರ್ರೀ ಎಲ್ಲರಿಗೂ. ಇವತ್ತು ಉಣಕಲ್ ಕೆರೆಯ ಅಂತರಗಂಗೆ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಒಂದು ಕಮೆಂಟ್ ಓದಿದೆ. ಚಹಾ ಆರಿತು, ನಾನು ಬಿಸಿಯಾದೆ.

ಹೋದ ವಾರ ಅಗ್ನೆಸ್ ಡೆನೆಸ್ ಎಂಬ ಕಲಾವಿದೆಯ ಬಗ್ಗೆ ಹೇಳಿದ್ದೆ ಅಲ್ವಾ? ನ್ಯೂಯಾರ್ಕಿನಲ್ಲಿ ಗೋಧಿ ಬೆಳೆದವರು. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಗೋಧಿ ಬೆಳೆದರೆ ಕಲೆ ಅಂತೀರಿ. ಹಂಗಾದ್ರೆ ನಮ್ಮಪ್ಪ ನಲವತ್ತು ವರ್ಷದಿಂದ ಕಲಾವಿದ. ಅವ್ರಿಗೂ ಒಂದು ಪ್ರಶಸ್ತಿ ಕೊಡಸ್ರಿ." ನನ್ನ ವಿಡಿಯೋಕ್ಕಿಂತ ಆ ಕಮೆಂಟಿಗೇ ಲೈಕ್ ಜಾಸ್ತಿ. ಇರಲಿ.

ಸರ್, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ. ಆದರೆ ನೀವು ಜಾಗ ನೋಡಲಿಲ್ಲ. ಗೋಧಿ ನೋಡಿದಿರಿ, ಜಾಗ ನೋಡಲಿಲ್ಲ.

1982. ನ್ಯೂಯಾರ್ಕಿನ ಮ್ಯಾನ್‌ಹಟನ್. ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುವಾಗ ಅಗೆದ ಮಣ್ಣು ಕಲ್ಲನ್ನು ನದಿ ದಂಡೆಗೆ ಸುರಿದು ಮಾಡಿದ ಖಾಲಿ ಜಾಗ. ಹಿಂದೆ ಆ ಎರಡು ಗೋಪುರ. ಸ್ವಲ್ಪ ನಡೆದರೆ ವಾಲ್ ಸ್ಟ್ರೀಟ್, ದುಡ್ಡಿನ ಕಾಶಿ. ಎದುರಿಗೆ ನೀರಿನಾಚೆ ಲಿಬರ್ಟಿ ಪ್ರತಿಮೆ. ಈಕೆಗೆ ಕೇಳಿದ್ದು ಊರಿಗೊಂದು ಶಿಲ್ಪ ಮಾಡಿಕೊಡಿ ಅಂತ. ಈಕೆ 200 ಲಾರಿ ಮಣ್ಣು ತರಿಸಿ, ಕಲ್ಲು ಆರಿಸಿ, ಕೈಯಿಂದ 285 ಸಾಲು ತೆಗೆದು, ಎರಡು ಎಕರೆ ಗೋಧಿ ಬಿತ್ತಿದರು. ಮೇ ತಿಂಗಳಲ್ಲಿ ಬಿತ್ತನೆ, ಆಗಸ್ಟ್ 16ಕ್ಕೆ ಕೊಯ್ಲು. ಸಾವಿರ ಪೌಂಡಿಗೂ ಮೇಲೆ ಕಾಳು.

ಇದನ್ನು ನವಲಗುಂದದ ನಮ್ಮ ಕಾಕಾಗೆ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಎರಡ ಎಕರೇಕ್ಕ ನಾಲ್ಕೂವರಿ ಕ್ವಿಂಟಲ್ ಏನೋ ತಮ್ಮಾ? ನೀರು ಬ್ಯಾರೆ ಹಾಯಿಸ್ಯಾಳು! ನಮ್ಮ ಎರಿ ಹೊಲದಾಗ ಬರೇ ಇಬ್ಬನಿಗೆ ಇದಕ್ಕಿಂತ ಹೆಚ್ಚಿಗಿ ಬರ್ತದಲ್ಲೋ" ಅಂದರು. ನಿಜ. ಬೆಳೆಗಾರ್ತಿಯಾಗಿ ಆಕೆ ನಮ್ಮ ಕಾಕಾನ ಮುಂದೆ ನಿಲ್ಲಲ್ಲ.

ಆದರೆ ಜಾಗ! ಆ ಜಾಗದ ಬೆಲೆ 450 ಕೋಟಿ ಡಾಲರ್ ಅಂತ ಆಕೆಯೇ ಲೆಕ್ಕ ಕೊಟ್ಟಿದ್ದರು. ಎರಡು ಎಕರೆ ಅಂದ್ರೆ 80 ಗುಂಟೆ. ಗುಂಟೆಗೆ ಐದೂವರೆ ಕೋಟಿ ಡಾಲರ್‌ಗೂ ಜಾಸ್ತಿ. ಅದರ ಮೇಲೆ ಗೋಧಿ. ಬಿಲ್ಡಿಂಗ್ ಏಳಬೇಕಾದಲ್ಲಿ ತೆನೆ. ಹಸಿದವರು ಇರೋವಾಗ ಭೂಮಿಯನ್ನು ನಾವು ಯಾವುದಕ್ಕೆ ಇಟ್ಟುಕೊಂಡಿದ್ದೇವೆ ಅಂತ ಆ ತೆನೆ ಕೇಳುತ್ತೆ. ನವಲಗುಂದದ ಹೊಲದಲ್ಲಿ ಅದೇ ತೆನೆ ಏನೂ ಕೇಳಲ್ಲ. ಸುಮ್ನೆ ಹಣ್ಣಾಗುತ್ತೆ, ರಾಶಿಯಾಗುತ್ತೆ, ಚಪಾತಿಯಾಗುತ್ತೆ.

ತಿಳೀಲಿಲ್ವಾ? ಹುಬ್ಬಳ್ಳಿ ನಡುಮಧ್ಯದ ಚನ್ನಮ್ಮ ಸರ್ಕಲ್ಲಿನಲ್ಲಿ ಎರಡು ಎಕರೆ ಹಿಂಗಾರಿ ಜೋಳ ನಿಂತಿದೆ ಅಂದುಕೊಳ್ಳಿ. ನೀವು ಬೈಕ್ ನಿಲ್ಲಿಸ್ತೀರೋ ಇಲ್ವೋ? ಫೋಟೋ ತೆಗೀತೀರೋ ಇಲ್ವೋ? ಪೊಲೀಸ್ರು ದಂಡ ಹಾಕ್ತಾರೆ, ಅದು ಬೇರೆ ಮಾತು.

ಹಾಂ, ಮಧ್ಯೆ ಒಂದು ಮಾತು. ಮೆಂಬರ್‌ಶಿಪ್ ತಿಂಗಳಿಗೆ 59 ರೂಪಾಯಿ. ಒಂದು ಪ್ಲೇಟ್ ಗಿರ್ಮಿಟ್ಟು, ಎರಡು ಮಿರ್ಚಿ. ಅಷ್ಟೇ. ತಿಂದರೆ ಎದೆ ಉರಿಯುತ್ತೆ, ನಮಗೆ ಕೊಟ್ಟರೆ ಉರಿಯಲ್ಲ.

ಇನ್ನೊಬ್ಬರು ಕೇಳಿದ್ದಾರೆ, "ಒಂದೇ ಸಲ ಗೋಧಿ ಬಿತ್ತಿ ಜೀವನಪೂರ್ತಿ ಹೆಸರು ಮಾಡಿಕೊಂಡಳಾ?" ಅಂತ. ಒಂದೇ ಸಲ? ಈಕೆ 1931ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವರು. ಅಲ್ಲಿಂದ ಸ್ವೀಡನ್, ಆಮೇಲೆ ಅಮೆರಿಕ. ಚಿಕ್ಕಂದಿನಲ್ಲಿ ಕವಿತೆ ಬರೆಯುತ್ತಿದ್ದರು. ದೇಶ ಬದಲಾದ ಹಾಗೆ ಭಾಷೆ ಬದಲಾಯಿತು, ಕವಿತೆ ಕೈಬಿಟ್ಟಿತು, ಚಿತ್ರಕ್ಕೆ ಬಂದರು. ಇಲ್ಲಿ ನನಗೆ ಸಂಕಟ ಆಗುತ್ತೆ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿ ಮನೆ ಮೇಲೆ ಬೀಳುತ್ತೆ ಅಂತಾರಲ್ಲ, ಆ ಕವಿಗಳಿಂದ ಕನ್ನಡ ಕಿತ್ತುಕೊಂಡು ಸ್ವೀಡನ್ನಿಗೆ ಕಳಿಸಿದ್ದರೆ ಏನು ಮಾಡುತ್ತಿದ್ದರು?

ಕೊನೆಗೆ ಕ್ಯಾನ್ವಾಸೂ ಇಕ್ಕಟ್ಟಾಯಿತು. 1968ರಲ್ಲಿ ನ್ಯೂಯಾರ್ಕ್ ರಾಜ್ಯದ ಸಲಿವನ್ ಕೌಂಟಿಯಲ್ಲಿ ಭತ್ತ ಬಿತ್ತಿದರು, ಮರಗಳಿಗೆ ಸರಪಳಿ ಸುತ್ತಿದರು, ತಮ್ಮ ಹೈಕುಗಳನ್ನು ಮಣ್ಣಲ್ಲಿ ಹೂತರು. ಕವಿತೆ ಹೂಳೋದು! ನಮ್ಮೂರಲ್ಲೂ ಕೆಲವರು ಮಾಡಬಹುದಾದ ಪರಿಸರ ಸೇವೆ. ಹೆಸರು ಹೇಳಲ್ಲ.

ಫಿನ್‌ಲ್ಯಾಂಡಿನ ಕೆಲಸ ಕೇಳಿ. ಯೂಲೊಯಾರ್ವಿ ಅಂತ ಊರು. ಅಲ್ಲಿ ಗರಸು ತೆಗೆದು ಹಾಳುಬಿಟ್ಟ ಜಾಗ. ಅಲ್ಲೊಂದು ಗುಡ್ಡ ಮಾಡಿ, ಗಣಿತದ ಲೆಕ್ಕದಲ್ಲಿ ಸುರುಳಿಯಾಗಿ 11,000 ಪೈನ್ ಗಿಡ ನೆಡಿಸಿದರು. ನೆಟ್ಟವರೂ 11,000 ಜನ. ಒಬ್ಬರಿಗೊಂದು ಗಿಡ, ಗಿಡಕ್ಕೊಂದು ಪತ್ರ, ಮಕ್ಕಳು ಮೊಮ್ಮಕ್ಕಳಿಗೆ ದಾಟಿಸಬಹುದು, 400 ವರ್ಷ. ನಮ್ಮಲ್ಲಿ ಹೊಲದ ಉತಾರಕ್ಕೇ ಅಷ್ಟು ಗ್ಯಾರಂಟಿ ಇಲ್ಲ. ಯೋಚನೆ ಎಂಬತ್ತರ ದಶಕದ ಶುರುವಿನದು, ನೆಟ್ಟು ಮುಗಿದದ್ದು 1996ಕ್ಕೆ. ನ್ಯೂಯಾರ್ಕಿನಲ್ಲಿ ದೊಡ್ಡ ಪ್ರದರ್ಶನ ಆಗಿದ್ದು 2019ಕ್ಕೆ. ಆಗ ಅಜ್ಜಿಗೆ 88. ಮತ್ತೆ ನೋಡಿ, ಒಳ್ಳೆ ಕಾಡಿನ ನಡುವೆ ನೆಡಲಿಲ್ಲ. ಗರಸಿನ ಗುಂಡಿ ಹುಡುಕಿ ನೆಟ್ಟರು. ಜಾಗ!

"ನಮ್ಮಲ್ಲಿ ಇದೆಲ್ಲಾ ಇಲ್ಲ, ಇದು ಫಾರಿನ್ ಶೋಕಿ" ಅನ್ನೋರಿಗೆ ಈಗ ಹೇಳ್ತೀನಿ. ಮಣ್ಣೆತ್ತಿನ ಅಮಾವಾಸ್ಯೆ ಮಾಡ್ತೀರಲ್ವಾ? ಅದೇ ಮಣ್ಣು ಹೊಲದಲ್ಲಿದ್ದರೆ ಮೆಟ್ಟಿ ಹೋಗ್ತೀರಿ. ಎತ್ತು ಮಾಡಿ ಜಗಲಿ ಮೇಲಿಟ್ಟರೆ ಕೈ ಮುಗೀತೀರಿ. ಮಣ್ಣು ಅದೇ. ಬದಲಾಗಿದ್ದು ಏನು? ಹೇಳ್ರಿ, ಏನು?

ಜರ್ಮನಿಯ ಯೋಸೆಫ್ ಬಾಯ್ಸ್ 1982ರಲ್ಲೇ ಕಾಸೆಲ್ ಊರಿನ ಮ್ಯೂಸಿಯಂ ಮುಂದೆ 7,000 ಕರಿಕಲ್ಲು ರಾಶಿ ಹಾಕಿಸಿದರು. ಊರಲ್ಲಿ ಒಂದು ಗಿಡ ನೆಟ್ಟರೆ ಒಂದು ಕಲ್ಲು ಎತ್ತಿ ಅದರ ಪಕ್ಕ ನೆಡಬೇಕು. ರಾಶಿ ಕರಗಲು ಐದು ವರ್ಷ ಹಿಡಿಯಿತು. 1986ರಲ್ಲಿ ಅವರು ತೀರಿಕೊಂಡರು, ಕೊನೆಯ ಗಿಡವನ್ನು 1987ರಲ್ಲಿ ಮಗ ನೆಟ್ಟ. ಅದೇ 1987ರ ನವೆಂಬರ್ 14ರಂದು ನಮ್ಮ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಏನಾಯ್ತು? ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಜನ ದನ ಮೇಯಿಸುತ್ತಿದ್ದ, ಕಟ್ಟಿಗೆ ಆರಿಸುತ್ತಿದ್ದ ಜಮೀನನ್ನು ಕಂಪನಿಗೆ ನೀಲಗಿರಿ ಬೆಳೆಯಲು ಕೊಟ್ಟಿದ್ದರು. ಜನ ಹೋಗಿ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಎಲ್ಲಿ? ಕಿತ್ತ ಜಾಗದಲ್ಲೇ! ಅವರು ಇದನ್ನ ಕಲೆ ಅನ್ನಲಿಲ್ಲ. ನಾನು ಅಂತೀನಿ. ಬೈಯೋರು ಬೈರಿ.

ಈಗ ನಮ್ಮ ಹಣೆಬರಹ. ನಮ್ಮ ಏರಿಯಾದಲ್ಲಿ ರಸ್ತೆಗೆ ಅಂತ ಒಂದು ದೊಡ್ಡ ಬೇವಿನ ಮರ ಕಡಿದರು. ಆರು ತಿಂಗಳಿಗೆ, ಅದರ ಹಿಂದಿದ್ದ ಕಂಪೌಂಡ್ ಗೋಡೆ ಮೇಲೆ ಚಿತ್ರ ಬಂತು. ಏನು ಚಿತ್ರ? ಮರ. ಹಸಿರು ಆಯಿಲ್ ಪೇಂಟಿನ ಮರ, ಕೊಂಬೆ ಮೇಲೆ ಗಿಳಿ, ಕೆಳಗೆ "ಮರ ಬೆಳೆಸಿ". ಬಿಡಿಸಿದ ಹುಡುಗನನ್ನ ಮಾತಾಡಿಸಿದೆ. ಚಿತ್ರಕಲೆ ಓದಿದ್ದಾನೆ, ಒಳ್ಳೆ ಕೈ. "ಸರ್, ನಾ ಕಡದ ಮರದ ಬೊಡ್ಡಿ ಚಿತ್ರ ಬರೀತೀನಿ ಅಂದೆ. ಗಿಳಿ ಬರೀ ಅಂದ್ರು" ಅಂದ. ನೋಡಿ! ಹುಡುಗನಿಗೆ ಜಾಗ ಕಂಡಿತ್ತು. ಅವನನ್ನು ಕರೆದವರಿಗೆ ಕಾಣಲಿಲ್ಲ. ಅವರಿಗೆ ಗಿಳಿ ಬೇಕು. ವರ್ಷಕ್ಕೊಮ್ಮೆ ಜೂನ್ 5ರ ಪರಿಸರ ದಿನಕ್ಕೆ ಗಿಳಿ ಬೇಕು. ಆ ಹುಡುಗ ಉಳಿದ 364 ದಿನ ಏನು ಮಾಡ್ತಾನೆ ಗೊತ್ತಾ? ಮದುವೆ ಸ್ಟೇಜಿಗೆ ಥರ್ಮೋಕೋಲ್ ಕತ್ತರಿಸ್ತಾನೆ. ಪರಿಸರದ ಕಲಾವಿದ. ಥರ್ಮೋಕೋಲ್!

ಜಾಗ ನೋಡ್ರೀ ಅಂದ್ರೆ... ಎಷ್ಟು ಸಲ ಹೇಳೋದು. ಗೋಧಿ ಅಲ್ಲ, ಗಿಳಿ ಅಲ್ಲ, ಜಾಗ. ಇದನ್ನೇ ಟಿ-ಶರ್ಟ್ ಮೇಲೆ ಹಾಕಿಸಬೇಕು ಅಂತಿದೀನಿ, "ಜಾಗ ನೋಡ್ರೀ" ಅಂತ. ಬೇಕಾದವರು ಸೈಜ್ ಬರೀರಿ. ಲೈಟ್ ಬೇರೆ ಹೋಯ್ತು, ಫ್ಯಾನ್ ನಿಂತಿದೆ, ಇನ್ನೂ ಎರಡು ಪಾಯಿಂಟ್ ಇತ್ತು, ಕತ್ತಲಲ್ಲಿ ಹಾಳೆ ಕಾಣ್ತಿಲ್ಲ.

ಕಮೆಂಟ್ ಹಾಕಿದ ಸರ್, ನಿಮ್ಮ ತಂದೆಯವರ ಹೊಲ ಎಲ್ಲಿದೆ ಅಂತ ಬರೀರಿ. ಹಳೇ ಬಸ್ ಸ್ಟ್ಯಾಂಡಿನ ಎದುರಿಗಿದ್ದರೆ ನಾನೇ ಶಾಲು ಹಿಡ್ಕೊಂಡು ಬರ್ತೀನಿ.